ಮೂರನೆಯ ಕೊಟೇಶನ್

ತಾರೀಖು ಇಪ್ಪತ್ಮೂರು, ಗುರುವಾರ
ಅಕ್ಕನ ಮನೆಯ ಮಹಡಿ ಕೋಣೆ

ಖರೀದಿ ಸಾಹೇಬರಿಗೆ,

ನಮಸ್ಕಾರ. ‘ಪ್ರೀತಿಯ’ ಎಂದು ಶುರು ಮಾಡಲು ಕೈ ಬರಲಿಲ್ಲ, ‘ಮಾನ್ಯರೇ’ ಎಂದು ಬರೆದರೆ ನನಗೇ ನಗು ಬಂತು. ಕಾರ್ಖಾನೆಯಲ್ಲಿ ನಿಮ್ಮನ್ನು ಎಲ್ಲರೂ ಕರೆಯುವ ಹಾಗೆ ಕರೆದಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ಪರವಾಗಿಲ್ಲ.

ನಿಮ್ಮ ಕಾಗದ ಸೋಮವಾರ ಕೈಸೇರಿತು. ನಾನು ಮನೆ ಬಿಟ್ಟು ಬಂದ ಏಳು ತಿಂಗಳಲ್ಲಿ ಇದೇ ಮೊದಲನೆಯದು. ಲಕೋಟೆ ದಪ್ಪಗಿತ್ತು. ಅಕ್ಕ ಅದನ್ನು ಅಂಗೈಯಲ್ಲಿ ತೂಗಿ ನೋಡಿ, “ಪರವಾಗಿಲ್ಲ ಕಣೇ, ಮನಸ್ಸು ಬಿಚ್ಚಿ ಬರೆದಿದಾರೆ” ಅಂದಳು. ಒಡೆದು ನೋಡಿದರೆ ಅರ್ಧ ಹಾಳೆ ಕಾಗದ, ನಾಲ್ಕು ಹಾಳೆ ಕಾರಿನ ಪಟ್ಟಿ! ಮೂರು ಕಂಪನಿ, ಒಂದೊಂದರಲ್ಲೂ ನಾಲ್ಕು ವೇರಿಯಂಟ್, ಪೆಟ್ರೋಲಿಗೆ ನೀಲಿ ಶಾಯಿ, ಡೀಸೆಲ್ಲಿಗೆ ಕಪ್ಪು. ಷೋರೂಮಿನ ಬೆಲೆ, ತೆರಿಗೆ, ವಿಮೆ, ಎಲ್ಲ ಸೇರಿ ರಸ್ತೆಗಿಳಿಯುವಾಗಿನ ಬೆಲೆ. ಹಿಂದಿನ ಸೀಟಿಗೆ ಏಸಿ ಗಾಳಿ ಬರುತ್ತದೆಯೇ, ಹಿಂದಿನ ಗಾಜಿಗೆ ವೈಪರ್ ಇದೆಯೇ, ಏರ್‌ಬ್ಯಾಗ್ ಎರಡೋ ಆರೋ. ಅಳೆದು ಸುರಿದು ಬರೆದಿದ್ದೀರಿ. ಕಾಗದದಲ್ಲಿ ಇದ್ದದ್ದು ಇಷ್ಟೇ: ಒಂದನೇ ತಾರೀಖಿನಿಂದ ಬೆಲೆ ಏರುತ್ತದೆ, ಅಷ್ಟರೊಳಗೆ ನಿನ್ನ ತೀರ್ಮಾನ ತಿಳಿಸು, ನೀನು ಮನೆಗೆ ಬರುವುದಾದರೆ ಸನ್‌ರೂಫ್ ಇರುವ ಟಾಪ್ ವೇರಿಯಂಟೇ ತೆಗೆದುಕೊಳ್ಳೋಣ, ಇಲ್ಲದಿದ್ದರೆ ಮಧ್ಯದ್ದು ಸಾಕು.

ಎರಡಕ್ಕೂ ಇರುವ ವ್ಯತ್ಯಾಸ ಒಂದು ಲಕ್ಷ ನಲವತ್ತು ಸಾವಿರ. ನಿಮ್ಮ ಪಟ್ಟಿಯಲ್ಲೇ ಇದೆ. ನಾನು ವಾಪಸ್ ಬಂದರೆ ಎಷ್ಟು ಬೆಲೆ ಬಾಳುತ್ತೇನೆ ಎಂದು ಇಷ್ಟು ಚೊಕ್ಕವಾಗಿ ಇದುವರೆಗೆ ಯಾರೂ ಹೇಳಿರಲಿಲ್ಲ.

ಅಕ್ಕನೂ ಓದಿದಳು. “ಕಾರಿಗೋಸ್ಕರ ಮುನಿಸಿಕೊಂಡು ಬಂದೋಳಿಗೆ ಕಾರನ್ನೇ ಕೊಡ್ತೀನಿ ಅಂತಿದಾರಲ್ಲೇ, ಹೋಗಬಾರದಾ” ಎಂದಳು. ಎಲ್ಲರೂ ಹಾಗೆಯೇ ನಂಬಿದ್ದಾರೆ. ನೀವೂ ಸಿಕ್ಕಸಿಕ್ಕವರ ಮುಂದೆ, “ಯಾವ ವೇರಿಯಂಟು ಅನ್ನೋ ಮಾತಿಗೆ ಎದ್ದು ಹೋಗಿಬಿಟ್ಲು ನೋಡಿ” ಎಂದು ಹೇಳಿಕೊಂಡಿದ್ದೀರಂತೆ. ನಾನು ಬಾಯಿ ಬಿಡಲಿಲ್ಲ. ನಿಜವಾದ ಕಾರಣ ಹೇಳಿಕೊಳ್ಳಲು ನಾಚಿಕೆಯಾಗಿತ್ತು. ತಪ್ಪು ಮಾಡಿದವರು ನೀವು, ನಾಚಿಕೆ ಮಾತ್ರ ನನ್ನ ಪಾಲಿಗೆ ಬಂತು. ಈಗ ಹೇಳುತ್ತೇನೆ, ಓದಿ.

ಕಾರು ಬೇಕಾಗಿದ್ದು ಅತ್ತೆಯವರ ಮಂಡಿಗೆ, ಅದು ನೆನಪಿದೆ ತಾನೆ? ಹಳೆಯ ಕಾರು ತೀರ ತಗ್ಗು. ಹತ್ತುವಾಗ ಒಂದು ಸಲ “ಅಯ್ಯೋ”, ಇಳಿಯುವಾಗ ನಾಲ್ಕು ಸಲ. ಸ್ವಲ್ಪ ಎತ್ತರದ ಗಾಡಿ, ಸಣ್ಣ ಎಸ್‌ಯುವಿ ಆದರೆ ಒಳ್ಳೆಯದು ಎಂದು ಮೊದಲು ಹೇಳಿದವಳು ನಾನು. ಕುರ್ಚಿಯ ಮೇಲೆ ಕಂಬಳಿ ಮಡಿಸಿ ಒಂದರ ಮೇಲೊಂದು ಹಾಕಿ ಅವರನ್ನು ಕೂರಿಸಿ ಎಬ್ಬಿಸಿ ಅಳೆದೆ. “ನನಗೇನು ಬಟ್ಟೆ ಹೊಲಿಸ್ತೀಯೇನೇ” ಎಂದು ಅತ್ತೆ ನಕ್ಕರು. ನೆಲದಿಂದ ಇಪ್ಪತ್ತೈದು ಇಂಚಿಗೆ ಸೀಟು ಇದ್ದರೆ ಅವರು ಬಗ್ಗಬೇಕಾಗಿಲ್ಲ, ಏರಬೇಕಾಗಿಯೂ ಇಲ್ಲ. ನೀವು ಅದನ್ನು ಪಟ್ಟಿಯ ಕಟ್ಟಕಡೆಗೆ ಬರೆದುಕೊಂಡಿರಿ. ಸನ್‌ರೂಫ್ ಎರಡನೇ ಸಾಲಿನಲ್ಲಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದುಕೊಂಡೆ.

ಆ ಭಾನುವಾರ ಮಧ್ಯಾಹ್ನ ನೀವು ಮೂರನೇ ಷೋರೂಮಿಗೆ ಹೊರಟಿರಿ. ಹೋಗುವಾಗ ದಪ್ಪ ರಟ್ಟಿನ ಆ ರಿಜಿಸ್ಟರನ್ನು ನನ್ನ ಕೈಗೆ ಕೊಟ್ಟು, “ಫೋನ್ ಮಾಡ್ತೀನಿ, ಹೇಳಿದ ಬೆಲೆ ಬರ್ಕೋ” ಅಂದಿರಿ. ಅಡುಗೆಮನೆಯ ಮೇಜಿನ ಮುಂದೆ ಪೆನ್ನು ಹಿಡಿದು ಕೂತೆ. ಫೋನು ಬರುವುದು ತಡವಾಯಿತು. ಸುಮ್ಮನೆ ಹಿಂದಕ್ಕೆ ಪುಟ ತಿರುವಿದೆ. ಕಾರಿನ ಹಿಂದೆ ವಾಷಿಂಗ್ ಮೆಷಿನ್. ಅದರ ಹಿಂದೆ ನೀರಿನ ಫಿಲ್ಟರು, ಇಸ್ತ್ರಿಪೆಟ್ಟಿಗೆ, ಫ್ರಿಜ್ಜು. ಪ್ರತಿಯೊಂದಕ್ಕೂ ಮೂರು ಕಾಲಂ, ಕೊನೆಯಲ್ಲಿ ಷರಾ. ನಮ್ಮ ಸಂಸಾರವೇ ಹಿಂದುಮುಂದಾಗಿ ನಡೆದ ಹಾಗಿತ್ತು, ಖುಷಿಯಾಯಿತು ನನಗೆ. ಅಂಗಡಿಗಳು ನೆನಪಾದವು, ಫ್ರಿಜ್ಜಿನವನ ಜೊತೆ ನೀವು ಚೌಕಾಸಿ ಮಾಡುತ್ತ ಅವನ ಬಾಯಿ ಒಣಗಿಸಿದ್ದು ನೆನಪಾಯಿತು. ಆಮೇಲೆ ಜೋಡಿಮಂಚ ಬಂತು. ಷರಾ: ‘ಶಬ್ದ ಬರಬಾರದು.’ ಒಬ್ಬಳೇ ಜೋರಾಗಿ ನಕ್ಕುಬಿಟ್ಟೆ. ಇನ್ನೊಂದು ಪುಟ ತಿರುವಿದೆ.

ಮಂಚದ ಹಿಂದಿನ ಪುಟದಲ್ಲಿ ನಾನಿದ್ದೆ.

ಮೂರು ಕಾಲಂ. ಮೊದಲನೆಯದು ‘ಕಾಲೇಜಿನವಳು’, ಎರಡನೆಯದು ‘ಬ್ಯಾಂಕಿನವಳು’, ಮೂರನೆಯದು ‘ಹಲ್ಲಿನ ಲ್ಯಾಬಿನವಳು’, ಅದು ನಾನು. ವಯಸ್ಸು, ಎತ್ತರ, ಓದು, ಸಂಬಳ, ತವರಿನ ಜವಾಬ್ದಾರಿ, ಸ್ವಭಾವ. ಕಾಲೇಜಿನವಳ ಸ್ವಭಾವಕ್ಕೆ ಎರಡು ಸಾಲು ಬರೆದಿದ್ದೀರಿ, ‘ನಗು ಚೆನ್ನಾಗಿದೆ’ ಎಂದೂ ಸೇರಿಸಿ. ನನ್ನದಕ್ಕೆ ಒಂದೇ ಮಾತು: ‘ಹೊಂದಿಕೊಳ್ಳಬಹುದು.’ ಕೆಳಗೆ ಷರಾ. ಮೊದಲನೆಯವಳಿಗೆ ‘ಒಪ್ಪಲಿಲ್ಲ’ ಎಂದು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದೀರಿ. ಎರಡನೆಯವಳಿಗೆ ‘ತಡವಾಯಿತು, ಬೇರೆ ಕಡೆ ನಿಶ್ಚಯ’. ನನ್ನ ಷರಾ ಮಾತ್ರ ಮೊದಲೇ ಬರೆದಿಟ್ಟದ್ದು, ಪಟ್ಟಿ ಬರೆದ ಶಾಯಿಯೇ ಇದಕ್ಕೂ: ‘ಲೆಕ್ಕಕ್ಕೆ.’ ಆಮೇಲೆ ಅದರ ಪಕ್ಕ ಟಿಕ್ ಹಾಕಿ, ತಾರೀಖು ಹಾಕಿ, ಸಹಿ ಮಾಡಿದ್ದೀರಿ. ಅಭ್ಯಾಸಬಲ, ಏನು ಮಾಡುತ್ತೀರಿ ಪಾಪ.

‘ಲೆಕ್ಕಕ್ಕೆ’ ಎಂದರೆ ಏನು ಎಂದು ಬೇರೆ ಯಾವ ಹೆಂಡತಿಗೂ ಗೊತ್ತಾಗುತ್ತಿರಲಿಲ್ಲ, ಸಾಹೇಬರೇ. ನನಗೆ ನೀವೇ ಹೇಳಿಕೊಟ್ಟಿದ್ದಿರಿ. ಮದುವೆಯಾದ ಹೊಸದರಲ್ಲಿ ಊಟ ಮಾಡುತ್ತ ನಿಮ್ಮ ಕೆಲಸ ವಿವರಿಸಿದಿರಲ್ಲ. ಮೂರು ಕೊಟೇಶನ್ ಇಲ್ಲದೆ ಕಾರ್ಖಾನೆಗೆ ಒಂದು ಬೋಲ್ಟು ಕೊಳ್ಳುವ ಹಾಗಿಲ್ಲ, ಆದರೆ ಯಾರಿಂದ ಕೊಳ್ಳಬೇಕೆಂದು ಮೊದಲೇ ತೀರ್ಮಾನವಾಗಿರುತ್ತದೆ. “ಎರಡನೇದು ಮೊದಲನೆಯವನನ್ನ ಹೆದರಿಸೋಕೆ, ಮೂರನೇದು ಬರೀ ಲೆಕ್ಕಕ್ಕೆ ಕಣೇ, ಫೈಲು ತುಂಬಬೇಕಲ್ಲ” ಎಂದು ನಕ್ಕಿದ್ದಿರಿ. ನಾನೂ ನಿಮ್ಮ ಜೊತೆ ನಕ್ಕಿದ್ದೆ. ಬಡಿಸುತ್ತ ನಿಂತಿದ್ದೆ, ಹೊಸ ಹೆಂಡತಿ ಬೇರೆ.

ಅಷ್ಟರಲ್ಲಿ ಫೋನು ಬಂತು. ನೀವು ಹೇಳಿದ ಬೆಲೆಗಳನ್ನೆಲ್ಲ ಬರೆದುಕೊಂಡೆ. ನಾಲ್ಕು ವೇರಿಯಂಟಿನದೂ. ಹೋಗಿ ನೋಡಿ, ಒಂದು ಅಂಕಿಯೂ ತಪ್ಪಿಲ್ಲ, ಒಂದೂ ಓರೆಯಾಗಿಲ್ಲ. ಸಂಜೆ ನೀವು ಬಂದು ಯಾವುದು ತೆಗೆದುಕೊಳ್ಳೋಣ ಎಂದು ಕೇಳಿದಾಗ, “ಯಾವುದೋ ಒಂದು, ಬೇಸ್ ಮಾಡೆಲ್ಲೇ ಸಾಕು” ಅಂದೆ. ನೀವು ಸಿಡುಕಿದಿರಿ. “ನಿನಗೆ ಆಯ್ಕೆ ಮಾಡೋದೇ ಗೊತ್ತಿಲ್ಲ” ಅಂದಿರಿ. ಮಾರನೆಯ ಬೆಳಿಗ್ಗೆ ಅತ್ತೆಯವರಿಗೆ ಮಾತ್ರೆ ಕೊಟ್ಟು ಚೀಲ ಎತ್ತಿಕೊಂಡು ಹೊರಟೆ.

ಮೂರನೆಯವಳಾದದ್ದಕ್ಕೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳು. ಮೈಯೆಲ್ಲ ಉರಿದುಹೋಯಿತು. ಆದರೆ ಅದಕ್ಕಿಂತ ಹೆಚ್ಚಾಗಿ, ಹದಿಮೂರು ವರ್ಷ ನನಗೆ ಅರ್ಥವಾಗದೆ ಉಳಿದಿದ್ದ ಎಷ್ಟೋ ವಿಷಯಗಳು ಆ ಒಂದು ಮಧ್ಯಾಹ್ನ ಅರ್ಥವಾಗಿಬಿಟ್ಟವು. ನನಗೆ ಜ್ವರ ಬಂದಾಗ ನೀವು ಬಾಗಿಲಲ್ಲೇ ನಿಂತು “ಏನಾದ್ರೂ ಬೇಕಾ” ಎಂದು ಕೇಳಿ ಹೋಗುತ್ತಿದ್ದದ್ದು. ನಿಮ್ಮ ಗೆಳೆಯರ ಮುಂದೆ ನನ್ನನ್ನು ‘ನಮ್ಮ ಮನೇಲಿ’ ಎಂದಲ್ಲದೆ ಬೇರೆ ಏನೆಂದೂ ಕರೆಯದೆ ಇದ್ದದ್ದು. ನಾನು ಹೊಸ ಬಟ್ಟೆ ಹಾಕಿಕೊಂಡು ಬಂದರೆ ಮೊದಲು ಬೆಲೆ ಕೇಳಿದ್ದು. ನಾನು ಇದನ್ನೆಲ್ಲ ಗಂಡಸರ ಸ್ವಭಾವ ಎಂದುಕೊಂಡಿದ್ದೆ. ಶಬ್ದ ಬರಬಾರದು ಎಂಬ ನಿಯಮವನ್ನು ಮಂಚಕ್ಕಿಂತ ಚೆನ್ನಾಗಿ ನಾನು ಪಾಲಿಸಿದೆ. ಮಂಚವಾದರೂ ನಾಲ್ಕನೇ ವರ್ಷಕ್ಕೆ ಕಿರುಗುಟ್ಟಿತು.

ಇರಲಿ. ಪುರಾಣ ಸಾಕು. ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ, ಅತ್ತೆಯವರ ಮುಖ ನೋಡಿಕೊಂಡು.

ಮಂಗಳವಾರ ಲ್ಯಾಬಿನಿಂದ ಎರಡು ಗಂಟೆ ಮೊದಲೇ ಹೊರಟು ಮೂರೂ ಷೋರೂಮಿಗೆ ಹೋಗಿ ಬಂದೆ. ಹಿಂದಿನ ಸೀಟಿನಲ್ಲಿ ಕೂತೆ, ಎದ್ದೆ, ಚೀಲದಿಂದ ಅಳತೆಪಟ್ಟಿ ತೆಗೆದು ಅಳೆದೆ. ಮಾರಾಟದ ಹುಡುಗಿಯೊಬ್ಬಳು, “ಮನೆಯವರು ಬರ್ತಾರಾ ಮೇಡಂ, ವೇಯ್ಟ್ ಮಾಡೋಣ್ವಾ” ಎಂದು ಕೇಳಿದಳು. ಬರೋದಿಲ್ಲ, ನನಗೇ ತೋರಿಸಮ್ಮ ಎಂದೆ. ಎರಡನೇ ಕಂಪನಿಯ ಮಧ್ಯದ ವೇರಿಯಂಟ್, ಪೆಟ್ರೋಲ್, ತೆಗೆದುಕೊಳ್ಳಿ. ಸೀಟು ಇಪ್ಪತ್ತೈದೂವರೆ ಇಂಚು. ಹಿಂದಿನ ಬಾಗಿಲ ಮೇಲೆ ಹಿಡಿದುಕೊಳ್ಳಲು ಹಿಡಿಕೆ ಇದೆ. ಮೊದಲನೇ ಕಂಪನಿಯ ಬೇಸ್ ಮಾಡೆಲ್ಲಿನಲ್ಲಿ ಅದನ್ನು ಮುಂದಿನ ಸೀಟಿಗೆ ಮಾತ್ರ ಕೊಟ್ಟಿದ್ದಾರೆ, ನಿಮ್ಮ ನಾಲ್ಕು ಹಾಳೆಯಲ್ಲಿ ಈ ವಿಷಯವೇ ಇಲ್ಲ. ಆರು ಏರ್‌ಬ್ಯಾಗ್ ಮಧ್ಯದ್ದರಲ್ಲೇ ಸಿಗುತ್ತವೆ. ‘ಮುತ್ತಿನ ಬಿಳಿ’ಗೆ ಹದಿನೈದು ಸಾವಿರ ಹೆಚ್ಚು ಕೇಳುತ್ತಾರೆ, ಕೊಡಬೇಡಿ. ಹದಿನಾರು ಬಗೆಯ ಬಿಳಿ ಇಟ್ಟುಕೊಂಡು ದಿನವಿಡೀ ಜನರ ಹಲ್ಲಿಗೆ ಹಲ್ಲು ಹೊಂದಿಸುವವಳು ನಾನು. ಅದು ಸಾದಾ ಬಿಳಿಯೇ, ಹೆಸರು ಮಾತ್ರ ದುಬಾರಿ.

ಸನ್‌ರೂಫ್ ಬೇಡ. ನಾನು ಬರುವುದಿಲ್ಲ.

ಇದನ್ನು ಬರೆದು ಹತ್ತು ನಿಮಿಷ ಕಿಟಕಿಯಲ್ಲಿ ನಿಂತಿದ್ದೆ. ಕೆಳಗೆ ಲಾಂಡ್ರಿಯವರು ಹಾಸಿಗೆಯ ಹೊದಿಕೆಗಳನ್ನು ಇಬ್ಬಿಬ್ಬರಾಗಿ ಹಿಡಿದು ಮಡಿಸುತ್ತಿದ್ದರು. ಅಳು ಬಂತು, ಅತ್ತು ಮುಗಿಸಿ ಮುಖ ತೊಳೆದುಕೊಂಡು ಬಂದು ಕೂತೆ. ಬರೆದದ್ದನ್ನು ಹೊಡೆದು ಹಾಕಿಲ್ಲ. ನಿಮ್ಮ ಮೇಲೆ ಕೇಸು ಗೀಸು ಏನೂ ಇಲ್ಲ, ಹೆದರಬೇಡಿ. ವಕೀಲರು ಕಳಿಸುವ ಕಾಗದಕ್ಕೆ ಸಹಿ ಮಾಡಿದರೆ ಸಾಕು, ಸಹಿ ಮಾಡುವುದು ನಿಮಗೆ ಹೊಸದಲ್ಲ. ಕಾರು ಬಂದ ಮೇಲೆ ಒಂದು ಶನಿವಾರ ಅತ್ತೆಯವರನ್ನು ಈ ಕಡೆ ಕರೆದುಕೊಂಡು ಬನ್ನಿ. ಅವರು ಹೇಗೆ ಇಳಿಯುತ್ತಾರೆ ಎಂದು ನೋಡಬೇಕು ನನಗೆ. ನೀವು ಕಾರಿನಲ್ಲೇ ಕೂತಿರಿ.

ಇಂತಿ,
ಹಲ್ಲಿನ ಲ್ಯಾಬಿನವಳು

ತಾ.ಕ.: ನಿಮಗೆ ನೆನಪಿರಲಿಕ್ಕಿಲ್ಲ. ನೀವು ನನ್ನನ್ನು ನೋಡಲು ಬರುವುದಕ್ಕೆ ಎರಡು ತಿಂಗಳು ಮೊದಲು ನಮ್ಮ ಲ್ಯಾಬಿಗೆ ಬಂದಿದ್ದಿರಿ, ಅತ್ತೆಯವರ ಒಡೆದ ಹಲ್ಲುಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು. ನಮ್ಮ ಯಜಮಾನರು ಬೆಲೆ ಹೇಳಿ, ಬೇಕಾದರೆ ಬೇರೆ ಕಡೆ ಕೇಳಿಕೊಂಡು ಬನ್ನಿ ಅಂದರು. ನೀವು, “ಎಲ್ಲೂ ಕೇಳೋದಿಲ್ಲ, ಎಷ್ಟಾದರೂ ಆಗಲಿ ಮಾಡಿಕೊಡಿ, ಅಮ್ಮ ನಿನ್ನೆಯಿಂದ ಊಟ ಮಾಡಿಲ್ಲ” ಎಂದು ಎರಡು ಗಂಟೆ ಬೆಂಚಿನ ಮೇಲೆ ಕೂತಿರಿ. ಗಾಜಿನ ಆಚೆ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಅದನ್ನು ಜೋಡಿಸಿದವಳು ನಾನು. ನಿಮ್ಮ ಮನೆಯಿಂದ ಮಾತು ಬಂದಾಗ ನನ್ನನ್ನು ಇನ್ನೊಬ್ಬರು ಆಗಲೇ ಒಪ್ಪಿದ್ದರು, ಸಂಬಳವೂ ಜಾಸ್ತಿ, ಸ್ವಂತ ಮನೆ. ಅಕ್ಕ ಎಷ್ಟು ಬೈದರೂ ಕೇಳದೆ ಅವರಿಗೆ ಬೇಡವೆಂದು ಹೇಳಿಸಿದೆ. ಬೆಂಚಿನ ಮೇಲೆ ಕೂತಿದ್ದ ಆ ಮನುಷ್ಯ ಒಂದಲ್ಲ ಒಂದು ದಿನ ಮನೆಗೆ ಬರುತ್ತಾನೆ ಎಂದು ಹದಿಮೂರು ವರ್ಷ ಕಾದೆ.