ಆಯಿಯ ಕೈ ಎತ್ತರ

ಆಯಿ,

ನೀನು ಬದುಕಿದ್ದಾಗಲೂ ಈ ಕಾಗದ ನಿನ್ನ ಕಣ್ಣಿಗೆ ಕಾಣುತ್ತಿರಲಿಲ್ಲ. ಆದರೂ ಬರೆಯುತ್ತಿದ್ದೇನೆ.

ಹುಕ್ಕೇರಿಯಲ್ಲಿ ಮಣ್ಣಿನ ಗೋಡೆಯ ಮನೆ ಕಟ್ಟಿಸುತ್ತಿದ್ದೇನೆ. ಬೇಸಿಗೆಗೆ ತಂಪು, ಮೆಟ್ಟಿಲೇ ಇಲ್ಲ, ಗಾಲಿಕುರ್ಚಿಯೂ ಸಲೀಸಾಗಿ ಒಳಗೆ ಬರುತ್ತದೆ. ಕಣ್ಣು ಕಾಣದವರು ಸವರಿಕೊಂಡು ನಡೆಯಲೆಂದು ಗೋಡೆಯ ಹಸಿ ಗಿಲಾವಿನ ಮೇಲೆ ಉದ್ದಕ್ಕೂ ಒಂದು ಗೆರೆ ಕೊರೆಯಲು ಇವತ್ತು ಗೌಂಡಿ ಸಿದ್ರಾಯನಿಗೆ ಹೇಳಿದೆ. ಅವನು ಟವೆಲ್ಲಿನಿಂದ ಕಣ್ಣು ಕಟ್ಟಿಕೊಂಡು, ಗೋಡೆ ಹಿಡಿದು ನಡೆದು ನೋಡಿದ.

"ಬಾಗಲಾ ಬಂತಂತ ಹೆಂಗ ತಿಳೀಬೇಕ್ರಿ? ಅಲ್ಲಿ ಎರಡ ಗೆರಿ ಹಾಕೂಣು" ಎಂದ.

ಹೌದಲ್ಲ, ನಿನಗೆ ಹೇಗೆ ತಿಳಿಯುತ್ತಿತ್ತು? ದಡ್ಡಿ ಊರಿನ ನಮ್ಮ ಹಳೆಯ ಮನೆಯ ಗೋಡೆಯಲ್ಲಿ ಯಾವ ಗುಳಿ ಬಂದರೆ ಅಡುಗೆಮನೆ, ಯಾವ ಉಬ್ಬು ಬಂದರೆ ಹಿತ್ತಲು? ನಿನ್ನ ಕೈಯಾಡಿ ಅಲ್ಲೊಂದು ಕರಿ ಪಟ್ಟಿಯೇ ಬಿದ್ದಿತ್ತು. ಹೊಲಸು ಕಾಣುತ್ತದೆಂದು ನಾನೇ ಸಿಮೆಂಟು ಹಾಕಿಸಿ ನುಣ್ಣಗೆ ಮಾಡಿಸಿದೆ. ಆಮೇಲೆ ನೀನು ಒಬ್ಬಳೇ ಹಿತ್ತಲಿಗೆ ಹೋಗಿದ್ದು ನನಗೆ ನೆನಪಿಲ್ಲ.

"ಗೆರಿ ಎಷ್ಟ ಎತ್ತರಕ್ಕ ಹಾಕ್ಲಿರಿ?" ಎಂದು ಸಿದ್ರಾಯ ಕೇಳಿದ.

"ನಮ್ಮ ಆಯಿ ಕೈ ಎಲ್ಲಿ ಬರ್ತಿತ್ತೋ ಅಲ್ಲಿ."

"ಅದು ಎಲ್ಲಿ ಬರ್ತಿತ್ರಿ?"

ಅದು ಗೊತ್ತಿದ್ದದ್ದು ಆ ಹಳೆಯ ಗೋಡೆಗೆ ಮಾತ್ರ, ಆಯಿ.