ನಿಮ್ಮ ಲಾಭದ ಲೆಕ್ಕಕ್ಕೆ ಬಾರದ ಕಾಳವ್ವ

ದೂರವಾಣಿ ದರಗಳ ಮೇಲೆ ಕಣ್ಣಿಡಲೆಂದೇ ಕುರ್ಚಿ ಕೊಟ್ಟು ಕೂರಿಸಿರುವ ಮಾನ್ಯರೇ,

ದೊಡ್ಡ ದೂರವಾಣಿ ಕಂಪನಿಗಳಿಗೆ ಬರಬೇಕಾದಷ್ಟು ಲಾಭ ಬರುತ್ತಿಲ್ಲವೆಂದು ತಾವು ಮೊನ್ನೆ ಭಾಷಣದಲ್ಲಿ ಮರುಗಿದ್ದನ್ನು ಪತ್ರಿಕೆಯಲ್ಲಿ ಓದಿದೆ. ರೀಚಾರ್ಜ್ ಮಾಡಿಸದೆ ಬರೀ ಒಳಬರುವ ಕರೆಗಾಗಿ ಫೋನ್ ಇಟ್ಟುಕೊಂಡವರು ಉದ್ಯಮಕ್ಕೆ ಹೊರೆ ಎಂದೂ ಹೇಳಿದಿರಂತೆ. ಅಂಥದೊಂದು ಹೊರೆ ಕಳೆದ ಏಪ್ರಿಲ್‌ನಲ್ಲಿ ಇಳಿದಿದೆ. ಹೆಸರು ಕಾಳವ್ವ, ಊರು ತಿಕೋಟಾ, ವಯಸ್ಸು ಐವತ್ತೆರಡು. ಅವಳ ಫೋನಿಗೆ ಬರುವ ಕರೆಯನ್ನು ಕಂಪನಿ ನಿಲ್ಲಿಸಿತು, ತಾವು ನಿಲ್ಲಿಸಗೊಟ್ಟಿರಿ. ಮೂರನೆಯ ತಪ್ಪು ನನ್ನದು, ಅದನ್ನೂ ಮುಚ್ಚಿಡುವುದಿಲ್ಲ.

ನಾನು ತಿಕೋಟಾ ಬಸ್ ನಿಲ್ದಾಣದ ಎದುರು ರೀಚಾರ್ಜ್ ಅಂಗಡಿ ಇಟ್ಟವಳು. ಕಾಳವ್ವ ಖಾನಾವಳಿಯೊಂದಕ್ಕೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅವಳ ತಮ್ಮ ಮುತ್ತು ಒಣದ್ರಾಕ್ಷಿಯ ಲಾರಿ ಓಡಿಸುತ್ತಾನೆ. ಇವತ್ತು ನಾಗಪುರವಾದರೆ ನಾಳೆ ಇನ್ನೆಲ್ಲೋ. ಅಕ್ಕತಮ್ಮ ಇಬ್ಬರೇ. ದಿನಾ ಸಂಜೆ ಲಾರಿ ಎಲ್ಲೇ ಇರಲಿ, ಅವನು ಅಕ್ಕನಿಗೆ ಒಂದು ಮಿಸ್ಡ್ ಕಾಲ್ ಕೊಡಬೇಕು. ಒಂದು ಸಲ ಬಡಿದು ನಿಂತರೆ ಸುಖವಾಗಿದ್ದೇನೆ ಎಂದು. ಎರಡು ಸಲ ಬಡಿದರೆ ರಾತ್ರಿ ಮನೆಗೆ ಬರುತ್ತೇನೆ, ಹಿಟ್ಟು ನಾದು ಎಂದು. ಹದಿನಾಲ್ಕು ವರ್ಷ ಹೀಗೇ ನಡೆಯಿತು. ಇದರಿಂದ ಕಂಪನಿಗೆ ದಮ್ಮಡಿಯೂ ಹುಟ್ಟಲಿಲ್ಲ ಎಂಬುದನ್ನು ಒಪ್ಪುತ್ತೇನೆ. ನಮ್ಮ ಕಡೆ ಅರ್ಧ ಸಂಸಾರಗಳು ನಿಮ್ಮ ಮೊಬೈಲ್ ಗೋಪುರಗಳ ಮೇಲೆ ಹೀಗೆ ಬಿಟ್ಟಿ ಬದುಕಿವೆ. ಲಾಭ ಯಾಕೆ ಕಡಿಮೆಯಾಯಿತು ಎಂದು ಬಹಳ ಹುಡುಕಬೇಡಿ, ನಾವು ಇಲ್ಲೇ ಇದ್ದೇವೆ.

ಮಾರ್ಚ್ ಕೊನೆಗೆ ಸಣ್ಣ ರೀಚಾರ್ಜ್ ತೆಗೆದುಹಾಕಿ ದೊಡ್ಡದನ್ನೇ ಇಟ್ಟರು. ಕಾಳವ್ವ ಹಿಟ್ಟಿನ ಕೈ ಸೆರಗಿಗೆ ಒರೆಸುತ್ತ ಬಂದು ಕೇಳಿದಳು: "ಇಷ್ಟ್ಯಾಕ ತುಟ್ಟಿ ಆತಬೇ ಸಬೀರಾ? ಖಾನಾವಳಿ ಪಗಾರ ಬಂದ ಮ್ಯಾಲ ಹಾಕಸ್ತೀನಿ. ಅಲ್ಲೀತನ ಫೋನ್ ಬಂದ್ ಆಗತದನು?"

"ಹೊರಗ ಹೋಗೂದಷ್ಟ ಬಂದ್ ಆಗತದ ಅಕ್ಕಾ. ಒಳಗ ಬರೂದು ಬರತದ. ನೀ ಏನ್ ಚಿಂತಿ ಮಾಡಬ್ಯಾಡ" ಎಂದೆ.

ಹಿಂದೆ ಹಾಗೇ ಇತ್ತು. ಒಮ್ಮೆ ಹತ್ತು ರೂಪಾಯಿ ಹಾಕಿದರೆ ಒಳಬರುವ ಕರೆ ವರ್ಷಗಟ್ಟಲೆ ಬರುತ್ತಿತ್ತು. ನಿಯಮ ಬದಲಾಗಿದೆ, ಅವಧಿ ಮುಗಿದರೆ ಒಳಬರುವುದೂ ನಿಲ್ಲುತ್ತದೆ ಎಂದು ಕಂಪನಿ ನನ್ನ ಫೋನಿಗೆ ಇಂಗ್ಲಿಷಿನಲ್ಲಿ ಸಂದೇಶ ಕಳಿಸಿತ್ತು. ದಿನಕ್ಕೆ ಅಂಥವು ಇಪ್ಪತ್ತು ಬರುತ್ತವೆ. ನಾನು ಓದಿರಲಿಲ್ಲ.

ನಾಲ್ಕು ದಿನಕ್ಕೆ ಅವಳ ಫೋನು ಸುಮ್ಮನಾಯಿತು. ಬ್ಯಾಟರಿ ತುಂಬಿತ್ತು, ಪರದೆಯಲ್ಲಿ ಬೆಳಕಿತ್ತು, ಸಂಜೆಯ ಕರೆ ಮಾತ್ರ ಬರಲಿಲ್ಲ. ಅತ್ತ ಮುತ್ತು ತಪ್ಪದೆ ಕರೆ ಕೊಡುತ್ತಲೇ ಇದ್ದ. ಅವನು ಫೋನನ್ನು ಕಿವಿಗೆ ಹಿಡಿಯುತ್ತಿರಲಿಲ್ಲ. ಒಂದು ಕೈ ಸ್ಟೇರಿಂಗಿನ ಮೇಲಿಟ್ಟು, ಇನ್ನೊಂದರಲ್ಲಿ ನಂಬರ್ ಒತ್ತಿ, ಮನಸ್ಸಿನಲ್ಲೇ ಹತ್ತು ಎಣಿಸಿ ಕತ್ತರಿಸುವುದು ಅವನ ರೂಢಿ. ಹದಿನಾಲ್ಕು ವರ್ಷ ಎತ್ತದೇ ಇರುವ ಕರೆಯನ್ನು ಯಾರು ಕೇಳಿಸಿಕೊಳ್ಳುತ್ತಾರೆ? ಸೇವೆ ಸ್ಥಗಿತವಾಗಿದೆ ಎಂದು ನಿಮ್ಮ ಯಂತ್ರದ ಹೆಂಗಸು ಅವನ ತೊಡೆಯ ಮೇಲೆ ಮೂರು ಭಾಷೆಯಲ್ಲಿ ಹೇಳುತ್ತಿದ್ದಳು. ಅಕ್ಕನಿಗೆ ಸುದ್ದಿ ಮುಟ್ಟಿತೆಂದು ಅವನು ನೆಮ್ಮದಿಯಾಗಿದ್ದ.

ಎರಡನೆಯ ದಿನ ಕಾಳವ್ವ ಬಂದು, "ಮುತ್ತೂಗ ಏನೋ ಆಗ್ಯದ ಸಬೀರಾ. ಎರಡ ದಿನಾ ಆತು, ಫೋನ್ ಬಡದಿಲ್ಲ" ಎಂದಳು. ನನ್ನ ಫೋನಿನಿಂದ ಅವನಿಗೆ ಕರೆ ಹಚ್ಚಿದೆ. ಎತ್ತಲಿಲ್ಲ. ಸಾಲ ಬೇಕೇ, ಪ್ಲಾಟು ಬೇಕೇ ಎನ್ನುವ ಜಾಹೀರಾತಿನ ಕರೆಗಳಿಗೆ ರೋಸಿ ಗುರುತಿಲ್ಲದ ನಂಬರ್ ಎತ್ತುವುದನ್ನೇ ಅವನು ಬಿಟ್ಟಿದ್ದ. ಅವಳ ಫೋನಿಗೂ ಒಮ್ಮೆ ಹಚ್ಚಿ ನೋಡಿದ್ದರೆ ಅಲ್ಲಿಗೇ ಎಲ್ಲ ತಿಳಿಯುತ್ತಿತ್ತು. ಗಿರಾಕಿಗಳು ನಿಂತಿದ್ದರು, ಹೊಳೆಯಲಿಲ್ಲ.

ಮರುದಿನ ಅವಳು ಮೊದಲ ಬಸ್ಸಿಗೆ ವಿಜಯಪುರಕ್ಕೆ ಹೋದಳು. ಸೋಲಾಪುರದ ಕಡೆಯಿಂದ ಲಾರಿಗಳು ತಿರುಗುವ ಬೈಪಾಸಿನಲ್ಲಿ ನಿಂತು, ಬಂದ ಲಾರಿಗಳಲ್ಲೆಲ್ಲ ತಮ್ಮನ ಮುಖ ಹುಡುಕಿದಳು. ಏಪ್ರಿಲ್ ಬಿಸಿಲು ಎಂಥದೆಂದು ತಮ್ಮ ಕಚೇರಿಯ ಎಸಿಗೆ ಗೊತ್ತಿರಲಿಕ್ಕಿಲ್ಲ. ನೆರಳಿಗೆ ಬಾ ಎಂದು ಚಹಾದಂಗಡಿಯವರು ಕರೆದರೆ, "ಇಲ್ರಿಯಪ್ಪಾ, ಅಷ್ಟರಾಗ ಗಾಡಿ ದಾಟಿ ಹೋದೀತು" ಎಂದಳಂತೆ. ಎರಡು ದಿನ ಹಾಗೆ ನಿಂತಳು. ಎರಡನೆಯ ದಿನ ಮಧ್ಯಾಹ್ನ ಅಲ್ಲೇ ಕುಸಿದಳು, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಆ ಸಂಜೆ ಮುತ್ತು ಎರಡು ಸಲ ಕರೆ ಕೊಟ್ಟು, ಊಟಕ್ಕೆಂದು ಮನೆಗೆ ಬಂದ.

ಮಾನ್ಯರೇ, ಬರಬೇಕಾದಷ್ಟು ಲಾಭ ಎಂದರೆ ಎಷ್ಟು? ಗೋಪುರ ನಿಲ್ಲಿಸಲು, ತರಂಗಗುಚ್ಛ ಕೊಳ್ಳಲು ಕೋಟಿಗಟ್ಟಲೆ ಸುರಿದಿದ್ದಾರೆ, ನಿಜ. ನಷ್ಟದಲ್ಲಿ ನಡೆಸಿ ಎಂದು ನಾನೂ ಹೇಳುವುದಿಲ್ಲ. ಅವರ ಕಮಿಷನ್ನಿನಲ್ಲೇ ನನ್ನ ಒಲೆ ಉರಿಯುತ್ತದೆ. ಆದರೆ ಒಬ್ಬೊಬ್ಬ ಗ್ರಾಹಕನಿಂದ ತಿಂಗಳಿಗೆ ಸರಾಸರಿ ಇಷ್ಟು ಹುಟ್ಟಲೇಬೇಕು ಎಂದು ಗೆರೆ ಎಳೆದವರು ಯಾರು? ಆ ಸರಾಸರಿಯನ್ನು ಏರಿಸಲು ಎರಡು ದಾರಿಗಳಿವೆಯಂತೆ. ಇದ್ದವರಿಂದ ಹೆಚ್ಚು ತೆಗೆದುಕೊಳ್ಳುವುದು, ಇಲ್ಲದವರನ್ನು ಪಟ್ಟಿಯಿಂದ ಕೈಬಿಡುವುದು. ಕಾಳವ್ವ ಸತ್ತ ತಿಂಗಳು ನಿಮ್ಮ ಸರಾಸರಿ ಕೂದಲೆಳೆಯಷ್ಟು ಏರಿರಬೇಕು, ಅಭಿನಂದನೆಗಳು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎನ್ನುತ್ತಾರೆ. ಆ ಅರೆಕಾಸಿನ ಮಜ್ಜಿಗೆಯೂ ನಮ್ಮ ಗಡಿಗೆಯದೇ ಆಗಬೇಕಿತ್ತೇ?

ಇಲ್ಲಿಗೇ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ, ಅತ್ತು ಸುಮ್ಮನಾಗುತ್ತಿದ್ದೆ. ದಿನಕರ್ಮಗಳು ಮುಗಿದ ಮೇಲೆ ಮುತ್ತು ಅಕ್ಕನ ಫೋನನ್ನು ತಂದು, ಮನೆಯಲ್ಲಿ ನೋಡಲಾಗುವುದಿಲ್ಲವೆಂದು ನನ್ನ ಬಳಿ ಇಟ್ಟುಹೋದ. ಗಲ್ಲೆಯ ಕೆಳಗಿನ ಖಾನೆಯಲ್ಲಿದೆ, ಬ್ಯಾಟರಿ ಎಂದೋ ಸತ್ತಿದೆ. ನವೆಂಬರಿನಲ್ಲಿ ಅವನು ಒಂದು ಚೀಲ ಒಣದ್ರಾಕ್ಷಿ ತಂದು ಗಲ್ಲೆಯ ಮೇಲಿಟ್ಟ.

"ನಿಮ್ಮ ಉಪಕಾರ ಮರಿಯಂಗಿಲ್ರಿ ಸಬೀರಾಕ್ಕಾರ" ಎಂದ. "ಯಾರಿಗೂ ಹೇಳದಂಗ ಅಕ್ಕನ ನಂಬರಿಗೆ ರೀಚಾರ್ಜ ಹಾಕಾಕತ್ತೀರಿ. ಈಗ ದಿನಾ ಕಿವಿಗೆ ಹಿಡಕೊಂಡ ಕೇಳ್ತೀನ್ರಿ. ಮೊದಲ ಬರೇ ಸ್ಥಗಿತ, ಸ್ಥಗಿತ ಅಂತಿತ್ತು. ಹದಿನೈದ ದಿನಾ ಆತು, ರಿಂಗ್ ಆಗಾಕತ್ತದ. ಒಂದ ರಿಂಗ್ ಕೇಳಿ ಕಟ್ ಮಾಡ್ತೀನಿ. ರಾತ್ರಿ ನಿದ್ದಿ ಹತ್ತತದ್ರಿ."

ನಾನು ಒಂದು ರೂಪಾಯಿಯನ್ನೂ ಹಾಕಿರಲಿಲ್ಲ. ಅವನು ಹೋದ ಮೇಲೆ ಆ ನಂಬರಿಗೆ ಹಚ್ಚಿದೆ. ಖಾನೆಯೊಳಗೆ ಫೋನು ಸತ್ತು ಬಿದ್ದಿದೆ, ನನ್ನ ಕಿವಿಯಲ್ಲಿ ರಿಂಗ್ ಆಗುತ್ತಿದೆ. ಆಮೇಲೆ ಯಾರೋ ಎತ್ತಿದರು.

"ಯಾರ್ರಿ? ನಾ ಉಮರ, ಬಬಲೇಶ್ವರದಾಗ ಗ್ಯಾರೇಜ್ ಅದ ನಂದು. ಹೊಸಾ ಸಿಮ್ ರಿ. ಯಾರೋ ಒಬ್ಬಾಂವ ದಿನಾ ಸಂಜಿಗೆ ಒಂದ ರಿಂಗ್ ಕೊಟ್ಟ ಬಿಡತಾನ್ರಿ. ಬ್ಲಾಕ್ ಮಾಡಬೇಕಂತ ಮಾಡೀನಿ."

ಬ್ಲಾಕ್ ಮಾಡಬೇಡಿ, ತಿರುಗಿ ಹಚ್ಚಲೂಬೇಡಿ ಎಂದು ಬೇಡಿಕೊಂಡೆ. ತಿರುಗಿ ಹಚ್ಚಿದರೆ ಮುತ್ತುವಿನ ಪರದೆಯ ಮೇಲೆ 'ಅಕ್ಕ' ಎಂದು ಮೂಡುತ್ತದೆ. ಆ ಪುಣ್ಯಾತ್ಮ ಕಾರಣ ಕೇಳಿ, "ಆತ್ರಿ" ಎಂದ. ಅಂದಿನಿಂದ ಸಂಜೆಯಾದರೆ ನನ್ನ ಕಣ್ಣು ಖಾನೆಯ ಕಡೆ ಹೋಗುತ್ತದೆ. ಅಂಗಡಿಯಲ್ಲಿ ಒಬ್ಬಳೇ ಕೂರಲು ಹೆದರಿಕೆಯಾಗುತ್ತದೆ. ಸತ್ತವಳ ನಂಬರನ್ನು ತೊಂಬತ್ತು ದಿನ ಕಾಯ್ದು, ತೊಳೆದು ಮಾರುವುದು ನಿಮ್ಮ ಪುಸ್ತಕದಲ್ಲಿ ಸಂಪನ್ಮೂಲದ ಸದ್ಬಳಕೆ. ಅದನ್ನು ಕಿವಿಗೆ ಹಿಡಿದು ನಿದ್ದೆ ಮಾಡುವವನು ಯಾವ ಬಾಬ್ತಿನಲ್ಲಿ ಬರುತ್ತಾನೆ?

ನನ್ನ ಬೇಡಿಕೆ ದೊಡ್ಡದಲ್ಲ. ಹೊರಹೋಗುವ ಕರೆಗೆ ಎಷ್ಟಾದರೂ ಬೆಲೆ ಕಟ್ಟಿ. ಒಳಬರುವ ಕರೆಯನ್ನು ಹಣ ಕಟ್ಟಲಿಲ್ಲವೆಂದು ನಿಲ್ಲಿಸಕೂಡದೆಂದು ಆದೇಶ ಹೊರಡಿಸಿ. ಸತ್ತವರ ನಂಬರನ್ನು ಮನೆಯವರನ್ನು ಕೇಳದೆ ಇನ್ನೊಬ್ಬರಿಗೆ ಕೊಡಬೇಡಿ. ಇಷ್ಟರಿಂದ ಕಂಪನಿಗಳು ದಿವಾಳಿಯಾಗುವುದಾದರೆ ಅದನ್ನೂ ಭಾಷಣದಲ್ಲಿ ಬಿಡಿಸಿ ಹೇಳಿ.

ಈ ಪತ್ರವನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ, ಹಾಗಾಗಿ ಇನ್ನೊಂದು ಮಾತು, ತಮಗಲ್ಲ. ಮುತ್ತು ಲಾರಿ ನಿಲ್ಲಿಸಿದಲ್ಲೆಲ್ಲ ಕನ್ನಡ ಪತ್ರಿಕೆ ಹುಡುಕಿ ಓದುವವನು. ತಮ್ಮಾ, ನಿನ್ನೆದುರು ನಿಂತು ಇದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ. ಆ ನಂಬರಿಗೆ ನಾನು ರೀಚಾರ್ಜ್ ಹಾಕಿಲ್ಲ.

ಇಂತಿ,
ಕ್ಷಮೆ ಯಾರ ಬಳಿ ಕೇಳಬೇಕೆಂದು ತಿಳಿಯದೆ ತಮಗೆ ಬರೆದ
ಸಬೀರಾ,
ರೀಚಾರ್ಜ್ ಅಂಗಡಿ, ತಿಕೋಟಾ