ಎರಡನೇ ಮಿಲಿಮೀಟರು

ಕುಲುಮೆಯ ಪಕ್ಕದ ಪರೀಕ್ಷಾ ಕೋಣೆ,
ಹನ್ನೊಂದನೇ ತಾರೀಖು, ಸಂಜೆ

ಪ್ರೀತಿಯ ತಮ್ಮಾ,

ಇದನ್ನು ನಿನಗೆ ಹೇಳದೆಯೇ ಬಿಡುವವಳಿದ್ದೆ. "ನಮ್ಮ ಲಿಫ್ಟಿನ ಚಕ್ರದ ಮೇಲೆ ಯಾವ ಪುಣ್ಯಾತ್ಮ ಕೂತು ನಿದ್ದೆ ಹೊಡೀತಿದಾನೋ" ಎಂದು ಹೋದ ವಾರ ಬರೆದಿದ್ದೆಯಲ್ಲ, ಆ ಪುಣ್ಯಾತ್ಮೆ ನಾನೇ. ಗಣಿಯೊಳಗೆ ನಿಮ್ಮನ್ನೆಲ್ಲ ಇಳಿಸಿ ಎತ್ತುವ ಲಿಫ್ಟಿನ ಹೊಸ ಹಲ್ಲುಚಕ್ರ ಗಟ್ಟಿಯಾಗಲು ನಮ್ಮ ಕುಲುಮೆಗೇ ಬಂದಿದೆ. ಬೈಯುವ ಮೊದಲು ಹೇಳು, ಕೆಮ್ಮು ಹೇಗಿದೆ? ಲಿಫ್ಟಿಲ್ಲದೆ ಕೆಲಸ ನಿಂತ ಈ ದಿನಗಳಲ್ಲಾದರೂ ಎದೆಗೆ ಒಂದಿಷ್ಟು ಒಳ್ಳೆಯ ಗಾಳಿ ಸಿಕ್ಕಿತೇ? ಅಮ್ಮ ಚೆನ್ನಾಗಿದ್ದಾಳೆ. ಕಿವಿ ಮಂದ ಎನ್ನುತ್ತಾಳೆ, ನಿನ್ನ ಹೆಸರೆತ್ತಿದರೆ ಮಾತ್ರ ಪಕ್ಕದ ಕೋಣೆಯಿಂದಲೂ ಕೇಳಿಸುತ್ತದೆ.

ಚಕ್ರದ ಹಲ್ಲು ಹೊರಗೆ ಗಟ್ಟಿಯಾಗಿರಬೇಕು, ಒಳಗೆ ಪೆಟ್ಟು ತಾಳುವಷ್ಟು ಮೆತ್ತಗಿರಬೇಕು. ಅದಕ್ಕೆ ಉಕ್ಕನ್ನು ಇಂಗಾಲದ ಅನಿಲದಲ್ಲಿ ಕಾಯಿಸುತ್ತೇವೆ. ಒಂಬೈನೂರ ಇಪ್ಪತ್ತು ಡಿಗ್ರಿಯಲ್ಲಿ ಅದು ಕರಗುವುದಿಲ್ಲ. ಕಿತ್ತಳೆ ಬಣ್ಣಕ್ಕೆ ತಿರುಗಿ ಸುಮ್ಮನೆ ಕೂತಿರುತ್ತದೆ. ಆ ಗಟ್ಟಿ ಉಕ್ಕಿನೊಳಕ್ಕೆ ಇಂಗಾಲ ನಡೆದುಕೊಂಡು ಹೋಗುತ್ತದೆ. ಇಷ್ಟು ವರ್ಷ ಇದೇ ಕೆಲಸ ಮಾಡಿಯೂ, ಈ ಮಾತು ಬರೆಯುವಾಗ ಕೈ ಒಂದು ಕ್ಷಣ ನಿಂತಿತು. ಚಕ್ರದ ಜೊತೆ ಅದೇ ಉಕ್ಕಿನ ಕೆಲವು ತುಂಡುಗಳನ್ನೂ ಕುಲುಮೆಯಲ್ಲಿ ಇಟ್ಟಿರುತ್ತೇವೆ. ಮಧ್ಯಾಹ್ನ ಒಂದನ್ನು ತೆಗೆದು, ಕತ್ತರಿಸಿ, ಉಜ್ಜಿ, ಆಮ್ಲ ಸವರಿದೆ. ಇಂಗಾಲ ಹೊಕ್ಕಷ್ಟು ಆಳಕ್ಕೆ ಅಂಚಿನ ಸುತ್ತ ಕಪ್ಪು ಸಿಪ್ಪೆ ಮೂಡಿತು, ನಿಧಾನವಾಗಿ, ನನ್ನ ಕಣ್ಣೆದುರೇ. ಒಂದು ಮಿಲಿಮೀಟರು. ನಿಮ್ಮ ಚಕ್ರಕ್ಕೆ ಎರಡು ಬೇಕು.

ಎರಡು ಪಟ್ಟು ಆಳಕ್ಕೆ ಎರಡು ಪಟ್ಟು ಹೊತ್ತು ಸಾಲದು, ನಾಲ್ಕು ಪಟ್ಟು ಬೇಕು. ಒಳಕ್ಕೆ ಹೋದಷ್ಟೂ ಇಂಗಾಲದ ನಡಿಗೆ ನಿಧಾನ. ಕುಲುಮೆ ನೋಡಿಕೊಳ್ಳುವವರನ್ನು ನಾವೆಲ್ಲ ಕಾವಣ್ಣ ಎನ್ನುತ್ತೇವೆ. "ಅಕ್ಕಾ, ಇನ್ನೊಂದು ಎಂಬತ್ತು ಡಿಗ್ರಿ ಏರಿಸಿಬಿಡಿ, ಊಟಕ್ಕೆ ಮನೇಲಿರ್ತೀವಿ" ಎಂದರು. ಅವರು ಹೇಳಿದ್ದು ತಪ್ಪೇನಲ್ಲ, ಬೇರೆ ಉಕ್ಕುಗಳಿಗೆ ಹಾಗೆ ಮಾಡಿದ್ದೂ ಇದೆ. ಆದರೆ ಈ ಉಕ್ಕು ಅಷ್ಟು ಕಾದರೆ ಒಳಗಿನ ಕಣಗಳು ದಪ್ಪಗಾಗಿ, ಹಲ್ಲು ಬಿಸ್ಕತ್ತಿನ ಹಾಗೆ ಮುರಿಯಬಹುದು. ಬೇಡ ಎಂದೆ. ಎಂದ ಮೇಲೆ ಯೋಚಿಸುತ್ತಿದ್ದೇನೆ: ಆ ಮಾತು ಬಂದದ್ದು ನನ್ನ ಓದಿನಿಂದಲೋ, ಅಕ್ಕನ ಅಂಜಿಕೆಯಿಂದಲೋ? ಇಳಿಯುವವನು ಬೇರೆ ಯಾರದೋ ತಮ್ಮನಾಗಿದ್ದರೆ ಇಷ್ಟೇ ಕಾಯುತ್ತಿದ್ದೆನೇ? ಕಾಯುತ್ತಿದ್ದೆ ಎಂದುಕೊಂಡಿದ್ದೇನೆ. ಖಚಿತವಾಗಿ ಗೊತ್ತಿಲ್ಲ. ಕಾವಣ್ಣ ಗೊಣಗುತ್ತಲೇ ಮನೆಗೆ ಹೇಳಿ ಕಳಿಸಿ, ಕುರ್ಚಿ ಎಳೆದುಕೊಂಡು ಕೂತರು. ನಾನು ಕಿಂಡಿಯಲ್ಲಿ ಇಣುಕಿದೆ. ಚಕ್ರ ಕದಲದೆ ಹೊಳೆಯುತ್ತಿತ್ತು. ಅದರೊಳಗೆ ಏನೋ ಸಾಗುತ್ತಿದೆ ಎಂದು ನೋಡಿದ ಯಾರೂ ಹೇಳಲಾರರು.

ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮನ ಆಶೀರ್ವಾದ ನಿನಗೂ, ನಿನ್ನ ಜೊತೆ ಇಳಿಯುವ ಎಲ್ಲರಿಗೂ.

ನಿನ್ನ ಅಕ್ಕ

ಮುಖ್ಯವಾದದ್ದೇ ಬಿಟ್ಟುಹೋಯಿತು: ಚಕ್ರ ಜೋಡಿಸಿದ ಮೇಲೆ ಮೊದಲ ಸಲ ಲಿಫ್ಟನ್ನು ಖಾಲಿ ಇಳಿಸುತ್ತಾರಲ್ಲ, ಅದರ ಮುಂದಿನ ಸರದಿಯಲ್ಲಿ ನಿನ್ನ ಜೊತೆ ನಾನೂ ಇಳಿಯುತ್ತೇನೆ. ನಿನ್ನ ಮೇಸ್ತ್ರಿಯನ್ನು ಒಪ್ಪಿಸು, ನನ್ನ ತಲೆಗಾಗುವ ಹೆಲ್ಮೆಟ್ ಹುಡುಕಿಡು. ಪತ್ರ ಈಗಲೇ ತಲುಪಿದರೆ ನೀನು ಫೋನ್ ಮಾಡಿ ಅವಸರಪಡಿಸುತ್ತೀಯ, ನಾನು ಕರಗಿಬಿಡುತ್ತೇನೆ. ಅದಕ್ಕೇ ಇದನ್ನು ಅಂಚೆಗೆ ಹಾಕುವುದು ಚಕ್ರ ತಣಿದು, ಪರೀಕ್ಷೆಗಳೆಲ್ಲ ಮುಗಿದು ಲಾರಿ ಹತ್ತುವ ದಿನವೇ, ಹದಿನೇಳನೇ ತಾರೀಖು.